ಕಬ್ಬಿಣದ ಕಾವಲಿಗೆ ಚಿನ್ನದ ಬೆಲೆಯೇ?

ನಮ್ಮ ಶಿವಮೊಗ್ಗದ ಪಾತ್ರೆ ಅಂಗಡಿಗಳಲ್ಲಿ ಹೊಸ ದೇವರ ಪ್ರತಿಷ್ಠಾಪನೆ ಆಗಿದೆ. ಬಣ್ಣ ಕಪ್ಪು, ಮೈ ಭಾರ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತೆ! ಹೆಸರು ‘ಕಾಸ್ಟ್ ಐರನ್’. ಹಿಂದೆ ಒಲೆ ಮೂಲೆಯಲ್ಲಿ ಮಸಿ ಬಳಿದುಕೊಂಡು ಬಿದ್ದಿರುತ್ತಿದ್ದ ಬೀಡಿನ ಕಾವಲಿಯೇ ಈಗ ಬಣ್ಣದ ರಟ್ಟಿನ ಡಬ್ಬಿ ಸೇರಿ ಗಾಜಿನ ಕಪಾಟಿನಲ್ಲಿ ಕಾಲುಮೇಲೆ ಕಾಲು ಹಾಕಿ ಕೂತಿದೆ. ದೋಸೆ ಕಾವಲಿ ಒಂದಕ್ಕೆ ಸಾವಿರ, ಒಂದೂವರೆ ಸಾವಿರ, ಎರಡು ಸಾವಿರ. ಫಾರಿನ್ ಮಾಲಿನ ಲೆಕ್ಕವೇ ಬೇರೆ.

ಎರಡು ಮೂರು ಕಿಲೋ ಕಬ್ಬಿಣಕ್ಕೆ ಇಷ್ಟು ದುಡ್ಡು ಸುರಿಯಬೇಕೆ? ನಗೋ ಮಾತಲ್ಲ ಸ್ವಾಮಿ. ಅಂಗಡಿಯಲ್ಲಿ ಸಂಬಳಕ್ಕಿರುವವನ ಮನೆಯಲ್ಲಿ ಎರಡು ಸಾವಿರ ಅಂದರೆ ಮಕ್ಕಳ ಸ್ಕೂಲ್ ಬ್ಯಾಗು, ಶೂ, ನೋಟ್‌ಬುಕ್ಕು ಎಲ್ಲಾ ಸೇರಿತು. ಅದಕ್ಕೇ ಇವತ್ತು ರಸ್ತೆ ಗುಂಡಿ, ನಲ್ಲಿ ನೀರು ಎಲ್ಲಾ ಬದಿಗಿಟ್ಟು ಈ ಅಂಕಣ ಅಡಿಗೆಮನೆಗೇ ನುಗ್ಗಿದೆ.

ತೀರ್ಪು ಮೊದಲೇ ಹೇಳಿಬಿಡ್ತೀನಿ. ದಿನಾ ದೋಸೆ, ರೊಟ್ಟಿ ಮಾಡೋ ಮನೆಗೆ ಭಾರದ ಕಾವಲಿ ಒಂದು ಬೇಕು. ದುಬಾರಿ ಕಾವಲಿ ಬೇಡ. ಭಾರದ್ದು, ದುಬಾರಿಯದು ಎರಡೂ ಒಂದೇ ಅಂತ ನಂಬಿಸೋದರಲ್ಲೇ ಈಗಿನ ವ್ಯಾಪಾರದ ಗುಟ್ಟು ಅಡಗಿದೆ.

ಭಾರ ಯಾಕೆ ಬೇಕು?

ಬೀಡು ಅಂದರೆ ಕಬ್ಬಿಣಕ್ಕೆ ನೂರಕ್ಕೆ ಎರಡರಿಂದ ನಾಲ್ಕು ಪಾಲಿನಷ್ಟು ಇಂಗಾಲ ಸೇರಿದ್ದು. ಬರೀ ಕಬ್ಬಿಣ ಕರಗಲು 1,500 ಡಿಗ್ರಿ ದಾಟಬೇಕು. ಬೀಡು 1,200 ಡಿಗ್ರಿ ಆಸುಪಾಸಿನಲ್ಲೇ ನೀರಾಗಿ, ಮರಳಿನ ಅಚ್ಚಿಗೆ ಸಲೀಸಾಗಿ ಹರಿಯುತ್ತೆ. ಆದರೆ ಇಂಗಾಲ ಹೆಚ್ಚಿದ್ದರಿಂದ ಪೆಡಸು. ತೆಳ್ಳಗೆ ಮಾಡಿದರೆ ಒಡೆಯುತ್ತೆ, ಅದಕ್ಕೇ ದಪ್ಪಗೆ ಹೊಯ್ಯುತ್ತಾರೆ. ಆ ದಪ್ಪವೇ ದೋಸೆಗೆ ವರ.

ಹೇಗೆ ಅಂತೀರಾ? ತೆಳು ತಗಡಿನ ಕಾವಲಿಗೆ ತಣ್ಣನೆ ಹಿಟ್ಟು ಬಿದ್ದ ಕೂಡಲೇ ಕಾವು ಇಳಿದುಹೋಗುತ್ತೆ. ದೋಸೆ ಹುರಿಯೋ ಬದಲು ಬೇಯುತ್ತೆ, ಬೆಳ್ಳಗೆ ಮೆತ್ತಗೆ ಬರುತ್ತೆ. ದಪ್ಪ ಬೀಡು ಹಾಗಲ್ಲ, ಕಾವನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡಿರುತ್ತೆ. ಒಂದು ಸೌಟು ಹಿಟ್ಟು ಬಿದ್ದರೆ ಅದಕ್ಕೆ ಲೆಕ್ಕಕ್ಕಿಲ್ಲ. ಹೋಟೆಲಿನ ದೋಸೆ ಮನೆಯಲ್ಲಿ ಯಾಕೆ ಬರಲ್ಲ ಅಂತ ಗೊಣಗೋ ಯಜಮಾನರೇ, ಹೋಟೆಲಿನ ಒಲೆ ಮೇಲಿನ ಆ ದಪ್ಪ ಕಬ್ಬಿಣದ ಹಲಗೆಯನ್ನು ಒಮ್ಮೆ ಬಗ್ಗಿ ನೋಡಿ. ಮನೆಯಾಕೆಯ ಕೈಯಲ್ಲಿ ದೋಷವಿಲ್ಲ, ಕಾವಲಿಯಲ್ಲಿದೆ!

ಆದರೆ ಜಾಹೀರಾತಿನವರು ಒಂದು ಸುಳ್ಳು ಸೇರಿಸುತ್ತಾರೆ. ಬೀಡು ‘ಎಲ್ಲಾ ಕಡೆ ಸಮವಾಗಿ ಕಾಯುತ್ತೆ’ ಅಂತ. ಇಲ್ಲ. ಶಾಖ ಹರಿಸೋದರಲ್ಲಿ ಅಲ್ಯೂಮಿನಿಯಂ ಬೀಡಿಗಿಂತ ಮೂರು ನಾಲ್ಕು ಪಟ್ಟು ಚುರುಕು. ಬೀಡಿನ ಕಾವಲಿಯನ್ನು ದೊಡ್ಡ ಉರಿಗೆ ಒಡ್ಡಿದರೆ ನಡುವೆ ಸೀದು ಹೋಗಿ ಅಂಚು ಹಸಿ ಉಳಿಯುತ್ತೆ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಿಸಬೇಕು. ಅಷ್ಟು ತಾಳ್ಮೆ ಇಲ್ಲದವರು ಎರಡು ಸಾವಿರ ಕೊಟ್ಟರೂ ಅಷ್ಟೇ, ಇನ್ನೂರು ಕೊಟ್ಟರೂ ಅಷ್ಟೇ.

ಗ್ಯಾಸ್ ತಿನ್ನುತ್ತಾ?

‘ಭಾರದ ಪಾತ್ರೆ ಇಟ್ಟರೆ ಸಿಲಿಂಡರ್ ಹದಿನೈದೇ ದಿನಕ್ಕೆ ಖಾಲಿ’ ಅನ್ನೋ ಮಾತು ಬಸ್ಸಿನಲ್ಲಿ ಕೇಳಿಬರುತ್ತೆ. ಈ ವರದಿಗಾರ ಪಿಯುಸಿ ಅರ್ಧಕ್ಕೆ ಕೈಬಿಟ್ಟವನು. ಆದರೂ ಈ ಲೆಕ್ಕಕ್ಕೆ ಅಷ್ಟು ಓದು ಸಾಕು.

ಮೂರು ಕಿಲೋ ಕಬ್ಬಿಣವನ್ನು ದೋಸೆ ಹೊಯ್ಯೋ ಕಾವಿಗೆ ತರಲು, ಒಲೆಯಿಂದ ಪೋಲಾಗೋ ಶಾಖವನ್ನೂ ಸೇರಿಸಿದರೆ, ಸುಮಾರು ಹತ್ತು ಹನ್ನೆರಡು ಗ್ರಾಂ ಗ್ಯಾಸ್ ಬೇಕು. ಒಂದು ಕಿಲೋ ತೂಕದ್ದಕ್ಕೆ ನಾಲ್ಕು ಗ್ರಾಂ. ದಿನಕ್ಕೊಮ್ಮೆ ಅಂದರೆ ತಿಂಗಳಿಗೆ ಕಾಲು ಕಿಲೋದಷ್ಟು ವ್ಯತ್ಯಾಸ. ಸಿಲಿಂಡರಿನಲ್ಲಿರೋದು 14.2 ಕಿಲೋ. ದುಡ್ಡಿನಲ್ಲಿ ಹೇಳಬೇಕಾದರೆ ತಿಂಗಳಿಗೆ ಹದಿನೈದು ಇಪ್ಪತ್ತು ರೂಪಾಯಿ. ಎರಡು ಕಾಫಿ ಕಾಸೂ ಅಲ್ಲ. ಮನೆ ಮಂದಿಗೆಲ್ಲ ಒಟ್ಟಿಗೆ ಹತ್ತು ಹನ್ನೆರಡು ದೋಸೆ ಹೊಯ್ದರೆ ಈ ಖರ್ಚು ಎಲ್ಲದಕ್ಕೂ ಹಂಚಿಹೋಗುತ್ತೆ. ಒಂಟಿ ಜೀವಕ್ಕೆ ಒಂದೇ ದೋಸೆ ಹೊಯ್ಯಲು ಅದನ್ನು ಕಾಯಿಸೋದು ಮಾತ್ರ ಒಬ್ಬ ಪ್ರಯಾಣಿಕನಿಗೆ ಒಂದು ಬಸ್ ಬಿಟ್ಟ ಹಾಗೆ.

ರಕ್ತ ಹೆಚ್ಚುತ್ತಾ?

ಇದು ಮುಖ್ಯ. ‘ಕಬ್ಬಿಣದ ಪಾತ್ರೆಯಲ್ಲಿ ಮಾಡಿ ತಿಂದರೆ ರಕ್ತ ಹೆಚ್ಚುತ್ತೆ ಅಕ್ಕಾ’ ಅಂತ ಹೇಳಿಯೇ ಎಷ್ಟೋ ಕಡೆ ಮಾಲು ದಾಟಿಸುತ್ತಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. 1999ರಲ್ಲಿ ಇಥಿಯೋಪಿಯಾ ದೇಶದ ಅಧ್ಯಯನವೊಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಒಂದು ವರ್ಷ ಕಬ್ಬಿಣದ ಮಡಕೆಯ ಅಡಿಗೆ ಉಂಡ ಮಕ್ಕಳ ರಕ್ತ, ಅಲ್ಯೂಮಿನಿಯಂ ಪಾತ್ರೆಯದ್ದು ಉಂಡ ಮಕ್ಕಳಿಗಿಂತ ಸುಧಾರಿಸಿತ್ತು. ನಮ್ಮ ದೇಶದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಾಗಾಗಿ ಮಾತು ಮನಸ್ಸಿಗೆ ನಾಟುತ್ತೆ.

ಆದರೆ ಗಮನಿಸಿ. ಕಬ್ಬಿಣ ಅಡಿಗೆಗೆ ಬಿಡೋದು ನೀರಿನಂಶ, ಹುಳಿ ಇದ್ದು, ತುಂಬಾ ಹೊತ್ತು ಬೆಂದಾಗ. ಎರಡು ನಿಮಿಷದ ದೋಸೆ, ಅದೂ ಎಣ್ಣೆ ಕುಡಿದು ಪಳಗಿದ ಕಾವಲಿ ಮೇಲೆ, ಎಷ್ಟು ತಾನೇ ಹೀರೀತು? ಹಾಗಂತ ಹುಣಿಸೆಹಣ್ಣಿನ ಸಾರು ಮಾಡಿ ಕಬ್ಬಿಣದ ಬಾಣಲೆಯಲ್ಲೇ ರಾತ್ರಿಯಿಡೀ ಬಿಡಬೇಡಿ. ರುಚಿ ಕೆಟ್ಟು ಕಪ್ಪಾಗುತ್ತೆ. ಹುಳಿ ಪದಾರ್ಥವನ್ನು ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಇಡಬಾರದು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಸೂಚನೆಯಲ್ಲೇ ಹೇಳಿದೆ.

ಗರ್ಭಿಣಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗೋ ಕಬ್ಬಿಣದ ಮಾತ್ರೆ ಬಿಟ್ಟು, ಎರಡು ಸಾವಿರದ ಬಾಣಲೆ ನಂಬಿ ಕೂರೋದು ತಾಯಿಗೂ ಮಗುವಿಗೂ ಅಪಾಯ. ಥಲಸ್ಸೀಮಿಯಾದಂಥ ಕಾಯಿಲೆ ಇದ್ದು ಮೈಯಲ್ಲಿ ಕಬ್ಬಿಣ ಹೆಚ್ಚಾದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಪಾತ್ರೆ ಮಾರೋರು ಪಾತ್ರೆ ಮಾರಲಿ, ಔಷಧಿ ಮಾರೋದು ಬೇಡ.

ನಾನ್‌ಸ್ಟಿಕ್ ಜೊತೆ ಹೋಲಿಸಿದರೆ...

ನಾನ್‌ಸ್ಟಿಕ್ ಹಗುರ, ಸಲೀಸು, ಎಣ್ಣೆ ಉಳಿತಾಯ. ಒಪ್ಪಿದೆ. ಆದರೆ ಅದರ ಲೇಪಕ್ಕೆ ಆಯುಷ್ಯ ಕಮ್ಮಿ. ಉಕ್ಕಿನ ಸಟ್ಟುಗ ತಾಗಿದರೆ ಗೀರು, ಗೀರು ಬಿದ್ದರೆ ಸಿಪ್ಪೆ. 260 ಡಿಗ್ರಿ ದಾಟಿದರೆ ಲೇಪ ಕೆಡೋಕೆ ಶುರು. ಖಾಲಿ ಪ್ಯಾನನ್ನು ದೊಡ್ಡ ಉರಿ ಮೇಲಿಟ್ಟು ಫೋನ್‌ನಲ್ಲಿ ಮಾತಿಗೆ ನಿಂತರೆ ಆ ಕಾವು ಬರಲು ಹೊತ್ತು ಬೇಡ. ದಿನಾ ಬಳಸೋ ಮನೆಯಲ್ಲಿ ಎರಡು ಮೂರು ವರ್ಷಕ್ಕೊಂದು ಕೊಳ್ಳೋದೇ. ಒಂದಕ್ಕೆ ಎಂಟುನೂರು ಅಂತಿಟ್ಟುಕೊಳ್ಳಿ. ಹನ್ನೆರಡು ವರ್ಷಕ್ಕೆ ನಾಲ್ಕು ಐದು ಬೇಕು, ಅಂದರೆ ಮೂರು ನಾಲ್ಕು ಸಾವಿರ. ಬೀಡಿನ ಕಾವಲಿ ನೆಲಕ್ಕೆ ಬೀಳದಿದ್ದರೆ ಮೊಮ್ಮಗಳ ಮದುವೆಗೂ ಉಳಿಯುತ್ತೆ. ಲೆಕ್ಕದಲ್ಲಿ ಬೀಡೇ ಗೆದ್ದಿತು.

ಹಾಗಾದರೆ ದುಬಾರಿ ಯಾಕೆ ಬೇಡ?

ಕಚ್ಚಾ ಬೀಡು ಸಗಟಿನಲ್ಲಿ ಕಿಲೋಗೆ ನೂರು ರೂಪಾಯಿಯೊಳಗಿನ ಮಾಲು. ಎರಕ ಹೊಯ್ಯೋ ಕೂಲಿ, ಇಂಧನ, ಅಂಗಡಿಯವನ ಲಾಭ ಎಲ್ಲಾ ಸೇರಿಸಿ. ಅದರ ಮೇಲಿನದ್ದು ಯಾವುದಕ್ಕೆ? ಮೈ ನುಣುಪು ಮಾಡಿದ್ದಕ್ಕೆ, ಮೊದಲೇ ಎಣ್ಣೆ ಸುಟ್ಟು ಪಳಗಿಸಿದ್ದಕ್ಕೆ, ಡಬ್ಬಿಗೆ, ಜಾಹೀರಾತಿಗೆ. ನುಣುಪಿಗೆ ಬೆಲೆ ಇದೆ, ಇಲ್ಲ ಅನ್ನಲ್ಲ. ಪಳಗಿಸೋದಕ್ಕೆ ಮಾತ್ರ ದುಡ್ಡು ಕೊಡಬೇಕಾದ್ದಿಲ್ಲ. ಅದು ಮನೆಯಲ್ಲೇ ವಾರದ ಕೆಲಸ.

ಅಮೆರಿಕದ ಟೆನೆಸೀ ರಾಜ್ಯದಲ್ಲಿ 1896ರಿಂದ ಬೀಡಿನ ಬಾಣಲೆ ಮಾಡೋ ಲಾಜ್ ಕಂಪನಿ ಇದೆ. ಫ್ರಾನ್ಸಿನಲ್ಲಿ 1925ರಿಂದ ಬೀಡಿಗೆ ಬಣ್ಣದ ಎನಾಮೆಲ್ ಹಚ್ಚಿ ಮಾರೋ ಲ ಕ್ರೂಸೆ ಇದೆ. ಅದರ ದೊಡ್ಡ ಪಾತ್ರೆ ಒಂದಕ್ಕೆ ಹತ್ತಾರು ಸಾವಿರ ರೂಪಾಯಿ. ಮಾಲು ಒಳ್ಳೇದೇ, ತಕರಾರಿಲ್ಲ. ಎನಾಮೆಲ್ ಇದ್ದರೆ ಹುಳಿಯ ಭಯವೂ ಇಲ್ಲ. ಆದರೆ ಅದು ಮಾಂಸ, ಬ್ರೆಡ್ಡು ಗಂಟೆಗಟ್ಟಲೆ ಓವನ್ನಿನಲ್ಲಿ ಬೇಯಿಸೋ ದೇಶದ ಪಾತ್ರೆ. ಕುಕ್ಕರ್ ಮೂರು ಸೀಟಿ ಹೊಡೆದ ಕೂಡಲೇ ಅನ್ನ ಸಾರು ಮುಗಿಸಿ ಬಸ್ಸಿಗೆ ಓಡೋ ನಮಗೆ ಅದರಿಂದ ಏನು ಲಾಭ?

ಇನ್ನೊಂದು ಮಾತು. ಭದ್ರಾವತಿ ಇರೋ ಜಿಲ್ಲೆ ನಮ್ಮದು. ವಿಶ್ವೇಶ್ವರಯ್ಯನವರು ಕನಸು ಕಂಡು, 1918ರಲ್ಲಿ ಶುರುವಾಗಿ, 1923ರಲ್ಲಿ ಊದುಕುಲುಮೆ ಹತ್ತಿ, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ ಬೀಡು ಹರಿದ ಊರು. ಆ ಕಾರ್ಖಾನೆ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದಿದ್ದು ಯಾರಿಗೂ ಮರೆತಿಲ್ಲ. ಇವತ್ತಿಗೂ ಶಿವಮೊಗ್ಗ, ಬೆಳಗಾವಿಯಲ್ಲಿ ಎರಕದ ಕಾರ್ಖಾನೆಗಳು ಗಾಡಿಗಳ ಬಿಡಿಭಾಗ ಹೊಯ್ಯುತ್ತಿವೆ. ಇಂಥ ನೆಲದವರಿಗೆ ಬೀಡು ಅಂದರೆ ಏನು ಅಂತ ಡಬ್ಬಿ ಮೇಲಿನ ಇಂಗ್ಲಿಷ್ ಹೇಳಿಕೊಡಬೇಕೆ?

ಕೊಳ್ಳೋರಿಗೆ ನಾಲ್ಕು ಮಾತು

ಒಂದು: ಹಳೇ ಪೇಟೆಯ ಅಂಗಡಿಯಲ್ಲೋ, ಮೂರು ವರ್ಷಕ್ಕೊಮ್ಮೆ ಬರೋ ಸಾಗರದ ಮಾರಿಜಾತ್ರೆಯಂಥ ಜಾತ್ರೆಯಲ್ಲೋ ಹೆಸರಿಲ್ಲದ ಕಾವಲಿ ಕೇಳಿ. ತೂಗಿಸಿ ತಗೊಳ್ಳಿ. ಬಿರುಕು, ಗುಳಿ ಇದೆಯೇ ಅಂತ ಬೆಳಕಿಗೆ ಹಿಡಿದು ನೋಡಿ. ತಳ ಅಲ್ಲಾಡದೆ ಕೂರಬೇಕು. ಕೈಗೆ ಕಪ್ಪು ಬಣ್ಣ ಹತ್ತಿದರೆ ವಾಪಸ್ ಕೊಡಿ.

ಎರಡು: ಮನೆಗೆ ತಂದು ಚೆನ್ನಾಗಿ ತಿಕ್ಕಿ ತೊಳೆದು, ಒಲೆ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆ ಬರೋವರೆಗೂ ಕಾಯಿಸಿ, ಆರಿಸಿ, ಮತ್ತೆ ಸವರಿ. ವಾರ ಹೀಗೆ ಮಾಡಿ. ಎಣ್ಣೆ ಬೆಂದು ಗಟ್ಟಿ ಪದರವಾಗಿ ಕೂರುತ್ತೆ, ಅದೇ ಬಿಟ್ಟಿ ನಾನ್‌ಸ್ಟಿಕ್. ಆಮೇಲೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿಕೊಂಡು ದೋಸೆ ಹೊಯ್ಯಿರಿ. ಮೊದಲ ನಾಲ್ಕು ಅಂಟಿದರೆ ಬೈಯಬೇಡಿ, ಐದನೇದು ಏಳುತ್ತೆ.

ಮೂರು: ಕಾದ ಕಾವಲಿಗೆ ತಣ್ಣೀರು ಸುರಿಯಬೇಡಿ, ಸೀಳು ಬಿಡುತ್ತೆ. ತೊಳೆದು ಒದ್ದೆ ಬಿಡಬೇಡಿ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೆಳಗಾಗೋದರೊಳಗೆ ತುಕ್ಕು. ತುಕ್ಕು ಬಂದರೂ ತಿಕ್ಕಿ ಮತ್ತೆ ಪಳಗಿಸಬಹುದು, ಎಸೆಯಬೇಕಿಲ್ಲ.

ನಾಲ್ಕು: ಮಣಿಕಟ್ಟು, ಭುಜ ನೋಯೋ ವಯಸ್ಸಾದ ತಾಯಂದಿರ ಕೈಗೆ ಇದನ್ನು ಕೊಡಬೇಡಿ. ಅವರಿಗೆ ಹಗುರ ತಗಡಿನ ಕಾವಲಿಯೇ ಮೇಲು. ಸೆಟ್ಟು ಅಂತ ಬಾಣಲೆ, ಅಪ್ಪದ ಗುಳಿ, ಒಗ್ಗರಣೆ ಸೌಟು ಎಲ್ಲಾ ಕಂತಿನಲ್ಲಿ ತರಬೇಡಿ. ಒಂದು ಕಾವಲಿ ಸಾಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ತೀರ್ಥಹಳ್ಳಿ ತಿರುವಿನಲ್ಲಿ ಮೇಲಿನ ಕಟ್ಟೆಯಿಂದ ಮೂರು ಕಿಲೋ ಬೀಡು ಜಾರಿದರೆ ಕಾವಲಿಯೂ ಎರಡು ಹೋಳು, ಕೆಳಗೆ ಕೂತವರ ತಲೆಯೂ ಎರಡು ಹೋಳು. ಕಾಲ ಬಳಿ ಇಟ್ಟುಕೊಳ್ಳಿ.

ಅಂಗಡಿಯವರಿಗೂ ಒಂದು ಮಾತು. ಗಾಜಿನ ಕಪಾಟಿನ ಮಾಲು ಇಡಬೇಡಿ ಅನ್ನಲ್ಲ, ಅದೂ ವ್ಯಾಪಾರವೇ. ಅದರ ಪಕ್ಕದಲ್ಲೇ ಹೆಸರಿಲ್ಲದ್ದನ್ನೂ ಇಡಿ. ತೂಕ ಎಷ್ಟು, ಪಳಗಿಸಿದ್ದೋ ಅಲ್ಲವೋ ಅಂತ ಚೀಟಿ ಬರೆದು ಅಂಟಿಸಿ. ನಿಜ ಹೇಳಿದ ಅಂಗಡಿಗೆ ಗಿರಾಕಿ ಎರಡನೇ ಸಲವೂ ಬರುತ್ತಾರೆ.

ಕೊನೆಗೆ ಎಲ್ಲಕ್ಕಿಂತ ಅಗ್ಗದ ದಾರಿ. ‘ಹಳೇ ಕಬ್ಬಿಣ, ಹಳೇ ಪಾತ್ರೆ’ ಅಂತ ಕೂಗಿಕೊಂಡು ಗುಜರಿ ಗಾಡಿ ದಿನಾ ಬೀದಿಗೆ ಬರುತ್ತೆ. ಅತ್ತೆ ಕಾಲದ, ನಲವತ್ತು ವರ್ಷ ಎಣ್ಣೆ ಕುಡಿದ ಕಾವಲಿ ಒಂದು ಪ್ಲಾಸ್ಟಿಕ್ ಮೊರಕ್ಕೆ ಕೈ ಬದಲಾಗುತ್ತೆ. ಅದೇ ಮನೆಯವರು ಮರುವಾರ ಎರಡು ಸಾವಿರಕ್ಕೆ ಹೊಸದು ಕೊಂಡು ಪಳಗಿಸಲು ಕೂರುತ್ತಾರೆ. ಹೊಸ ಕಾವಲಿ ಕೊಳ್ಳೋ ಮೊದಲು ಅಟ್ಟ ಹತ್ತಿ ನೋಡಿ ಸ್ವಾಮಿ, ಆಮೇಲೆ ಜೇಬಿಗೆ ಕೈ ಹಾಕಿ.