ಕೀಲುಬೇನೆಯೂ ಹೃದಯದ ಕಾಳಜಿಯೂ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಸಮೀಪಿಸಿತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತದೆ. ಮಹಾದಾಸೋಹಕ್ಕೆ ಲಕ್ಷಾಂತರ ಜೋಳದ ರೊಟ್ಟಿಗಳು ಸಲ್ಲುವುದು ನಮ್ಮ ತಾಯಂದಿರ ಕೈಗಳಿಂದಲೇ. ಯಲಬುರ್ಗಾ ತಾಲೂಕಿನ ಅಂಥ ಒಬ್ಬ ತಾಯಿಯನ್ನು ನಾವು ಬಹುಕಾಲದಿಂದ ಬಲ್ಲವರಾಗಿದ್ದೆವು. ಬೆಳಗಿನ ಜಾವ ಆಕೆಯ ಬೆರಳುಗಳು ಬಾತು ಬಿಗಿದಿರುತ್ತಿದ್ದವು. ಮುಷ್ಟಿ ಕಟ್ಟಲು ಹೊತ್ತೇರಬೇಕಾಗುತ್ತಿತ್ತು. ವಿಚಾರಿಸಿದರೆ, “ವಾಯು ಆಗೇತ್ರಿ ಶಾಸ್ತ್ರಿಗಳ, ಗುಳಿಗಿ ನುಂಗಿದ್ರ ಹೋಗತೈತ್ರಿ” ಎನ್ನುತ್ತಿದ್ದರು. ನಾವೂ ಹಾಗೆಯೇ ನಂಬಿದೆವು. ಒಂದು ದಿನ ಎಡಭುಜ ನೋಯುತ್ತದೆಂದರು, ಏದುಸಿರು ಬಿಟ್ಟರು, ಬೆವರಿದರು. ಅದೂ ವಾಯುವೆಂದೇ ಮನೆಯವರು ಎಣ್ಣೆ ತಿಕ್ಕಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯಾಘಾತದಿಂದ ಪ್ರಾಣ ಹೋಗಿತ್ತು.

ಕೀಲುನೋವೆಲ್ಲ ಒಂದೇ ಅಲ್ಲ. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ. ಅದನ್ನು ದೀರ್ಘಕಾಲ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನು ಸೆಡೆಯುತ್ತದೆ. ಗಂಗಾವತಿಯ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡುವವರಿಗೆ ಸೊಂಟ ಹಿಡಿಯುತ್ತದೆ. ವಯಸ್ಸಾದಂತೆ ಮೊಣಕಾಲು ಸವೆಯುತ್ತದೆ. ಇವುಗಳಿಂದ ಬೇರೆಯಾದುದು ರುಮಟಾಯ್ಡ್ ಸಂಧಿವಾತ. ಎರಡೂ ಕೈಗಳ ಸಣ್ಣ ಕೀಲುಗಳು ಬಾತು, ಬೆಳಿಗ್ಗೆ ಅರ್ಧ ತಾಸಿಗಿಂತ ಹೆಚ್ಚು ಕಾಲ ಬಿಗಿದಿರುವುದು ಇದರ ಮುಖ್ಯ ಗುರುತು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಈ ರೋಗದಲ್ಲಿ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಅದರಿಂದ ಹುಟ್ಟುವ ಉರಿಯೂತ ಕೀಲಿನಲ್ಲಿಯೇ ನಿಲ್ಲದೆ ರಕ್ತನಾಳಗಳ ಒಳಗೋಡೆಯನ್ನೂ ಕೆಡಿಸುತ್ತದೆ. ಅಲ್ಲಿ ಕೊಬ್ಬು ಸೇರಿ, ಅದರ ಪೊರೆ ಒಡೆದಾಗ ರಕ್ತ ಹೆಪ್ಪುಗಟ್ಟಿ ಹೃದಯದ ನಾಳ ಮುಚ್ಚುತ್ತದೆ. ಈ ರೋಗಿಗಳಿಗೆ ಹೃದ್ರೋಗದ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು. ಉರಿಯೂತ ಪ್ರಬಲವಾಗಿರುವಾಗ ಕೊಲೆಸ್ಟರಾಲ್ ಕಡಿಮೆಯಾಗಿಯೇ ಕಾಣಬಹುದಾದ್ದರಿಂದ ಆ ಒಂದು ವರದಿಯನ್ನು ನಂಬಿ ನಿಶ್ಚಿಂತರಾಗುವುದು ಸಲ್ಲದು.

ಸಾವಿರ ವರ್ಷಕ್ಕೂ ಹಿಂದಿನ ‘ಮಾಧವನಿದಾನ’ವು ಆಮವಾತ ಬಲಿತಾಗ ಕಾಣುವ ಉಪದ್ರವಗಳಲ್ಲಿ ‘ಹೃದ್ಗ್ರಹ’ವನ್ನೂ ಎಣಿಸುತ್ತದೆ, ಹೃದಯ ಹಿಡಿದಂತಾಗುವುದೆಂದು ಅದರ ಅರ್ಥ. ಆಮವಾತವೂ ಇಂದಿನ ರುಮಟಾಯ್ಡ್ ಸಂಧಿವಾತವೂ ಸಂಪೂರ್ಣ ಒಂದೇ ಎನ್ನಲಾಗದು. ಆದರೂ ಕೀಲು ಹಿಡಿಯುವ ಬೇನೆ ಹೃದಯವನ್ನೂ ಹಿಡಿದೀತೆಂಬುದನ್ನು ಹಿರಿಯರು ಗಮನಿಸಿದ್ದರು. ಮಠದಲ್ಲಿದ್ದಾಗ ನಾವು ಅದನ್ನು ಓದಿದ್ದೆವು. ಆ ತಾಯಿಯ ಬೆರಳು ಕಂಡಾಗ ಮಾತ್ರ ನೆನಪಿಗೆ ಬರಲಿಲ್ಲ. ಆ ಕೊರಗು ಇಂದಿಗೂ ಇದೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಕೀಲುಗಳು ಬಾತು ಆರು ವಾರ ಕಳೆಯುವ ಮುನ್ನವೇ ವೈದ್ಯರನ್ನು ಕಾಣಿರಿ. ನೋವಿನ ಗುಳಿಗೆ ನೋವನ್ನಷ್ಟೇ ಅಡಗಿಸುತ್ತದೆ, ರೋಗವನ್ನಲ್ಲ. ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರೆ ರಕ್ತದೊತ್ತಡ ಏರಿ ಮೂತ್ರಪಿಂಡಕ್ಕೂ ಹೃದಯಕ್ಕೂ ಕೇಡು. ಸ್ಟಿರಾಯ್ಡ್ ಗುಳಿಗೆಯನ್ನು ವೈದ್ಯರನ್ನು ಕೇಳದೆ ಮುಂದುವರಿಸುವುದೂ ತಪ್ಪು, ಹಠಾತ್ತನೆ ಬಿಡುವುದೂ ಅಪಾಯ. ರೋಗದ ಮೂಲವನ್ನೇ ತಗ್ಗಿಸುವ ಮೆಥೋಟ್ರೆಕ್ಸೇಟ್ ಮೊದಲಾದ ಔಷಧಗಳಿವೆ. ಮೆಥೋಟ್ರೆಕ್ಸೇಟನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಎರವಾದೀತು. ಗರ್ಭಿಣಿಯರಿಗೆ ಅದು ವರ್ಜ್ಯ. ಉರಿಯೂತ ಹತೋಟಿಗೆ ಬಂದರೆ ಹೃದಯದ ಮೇಲಿನ ಭಾರವೂ ಇಳಿಯುತ್ತದೆ. ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ಆಗಾಗ ಪರೀಕ್ಷಿಸಿಕೊಳ್ಳಿರಿ. ಬೀಡಿ, ತಂಬಾಕು ಬಿಡಿರಿ. ಕಾಲು ನಡೆಸುವಷ್ಟು ದೂರ ನಿತ್ಯ ನಡೆಯಿರಿ. ಸಂಧಿವಾತವಿದ್ದವರಿಗೆ ಭುಜ, ದವಡೆ, ಬೆನ್ನಿನ ಹೊಸ ನೋವಿನೊಡನೆ ಏದುಸಿರೋ ಬೆವರೋ ಬಂದರೆ ಎಣ್ಣೆ ಹುಡುಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ತಾಯಂದಿರು ತಮ್ಮ ನೋವನ್ನು ತಾವಾಗಿ ಹೇಳಿಕೊಳ್ಳುವವರಲ್ಲ. ಮುಂದಿನ ಜಾತ್ರೆಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದಾಗ, ಬಡಿಯುವ ಕೈಗಳನ್ನೊಮ್ಮೆ ನೋಡಿರಿ. ಬೆರಳು ಬಾತಿದ್ದರೆ ನೀವೇ ಕೇಳಿರಿ.