ತುಂಬೋರು ಯಾರು, ನೋಡೋರು ಯಾರು?

ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್‌ಗಳ ಪಟ್ಟಿ ಬಂದಾಗ ಒಂದು ಹೆಸರಂತೂ ಖಾಯಂ: ‘ಟಾಸ್ಕ್ ಮ್ಯಾನೇಜ್‌ಮೆಂಟ್ ಆ್ಯಪ್’. ಮುಂದೆ ‘ಸ್ಮಾರ್ಟ್’ ಅಂತ ಸೇರಿಸಿದರೆ ಒಂದು ಟೀಮು, ‘ಎಐ ಆಧಾರಿತ’ ಅಂತ ಸೇರಿಸಿದರೆ ಇನ್ನೊಂದು ಟೀಮು. ಒಂದು ಲಾಗಿನ್ ಪೇಜು, ಒಂದು ಡ್ಯಾಶ್‌ಬೋರ್ಡು, ‘ಮಾಡಬೇಕು, ಮಾಡ್ತಿದೀವಿ, ಮುಗೀತು’ ಅನ್ನೋ ಮೂರು ಕಾಲಂ, ಕೊನೆಗೊಂದು ಪೈ ಚಾರ್ಟು. ಪಿಪಿಟಿಯ ಎರಡನೇ ಸ್ಲೈಡಿನಲ್ಲಿ ‘ಸಣ್ಣ ಉದ್ದಿಮೆಗಳಿಗೆ ಉಪಯುಕ್ತ’ ಎಂಬ ಸಾಲು. ಆ ಸಾಲು ಬರೆದವರು ಯಾವುದಾದರೂ ಸಣ್ಣ ಉದ್ದಿಮೆಯ ಒಳಗೆ ಅರ್ಧ ದಿನ ನಿಂತು ನೋಡಿದಾರಾ ಅಂತ ಮಾತ್ರ ರಿವ್ಯೂನಲ್ಲಿ ಯಾರೂ ಕೇಳಲ್ಲ.

ನನ್ನ ವಾದ ಇಷ್ಟೇ. ಇಂಥ ಸಾಫ್ಟ್‌ವೇರ್‌ಗಳು ಫೀಚರ್ ಕಡಿಮೆಯಾಗಿ ಸೋಲುವುದು ಅಪರೂಪ. ಅದರಲ್ಲಿ ಮಾಹಿತಿ ತುಂಬೋರು ಒಬ್ಬರು, ಅದರಿಂದ ಲಾಭ ಪಡೆಯೋರು ಇನ್ನೊಬ್ಬರು ಆದಾಗಲೇ ಅವು ಸೋಲುತ್ತವೆ. ಇದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವೇ ಅಲ್ಲ, ಯಾಕೆಂದರೆ ನಾವೆಲ್ಲ ಲ್ಯಾಬ್ ರೆಕಾರ್ಡ್ ಬರೆದವರು. ಪ್ರಯೋಗ ಮಾಡುವಾಗ ನಾವು ನಿಜವಾಗಿ ನೋಡೋದು ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಂಡ ರೀಡಿಂಗ್‌ಗಳನ್ನು. ರೆಕಾರ್ಡ್ ಬರೆಯೋದು ಸಹಿಗೋಸ್ಕರ, ಅದೂ ಸಬ್ಮಿಷನ್ ಹಿಂದಿನ ರಾತ್ರಿ, ಪಕ್ಕದವನದ್ದು ನೋಡಿ. ಬರೆಯೋನಿಗೆ ಉಪಯೋಗವಿಲ್ಲದ ದಾಖಲೆಯ ಹಣೆಬರಹ ಎಲ್ಲ ಕಡೆ ಇದೇ.

ಇದನ್ನು 1988ರಲ್ಲೇ ಜೊನಾಥನ್ ಗ್ರೂಡಿನ್ ಎಂಬ ಸಂಶೋಧಕ ಒಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಗುಂಪಾಗಿ ಬಳಸುವ ಸಾಫ್ಟ್‌ವೇರ್‌ಗಳು ಯಾಕೆ ಬಿದ್ದುಹೋಗುತ್ತವೆ ಎಂಬುದು ಅವರ ಪ್ರಶ್ನೆ. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು, ಮೀಟಿಂಗ್‌ಗೆ ತಾನೇ ಸಮಯ ಹುಡುಕಿಕೊಡುವ ಕ್ಯಾಲೆಂಡರ್. ಅದು ಕೆಲಸ ಮಾಡಬೇಕಾದರೆ ಎಲ್ಲರೂ ತಮ್ಮ ಕ್ಯಾಲೆಂಡರ್ ತುಂಬಿ ಇಟ್ಟಿರಬೇಕು. ಲಾಭ ಮೀಟಿಂಗ್ ಕರೆಯುವ ಮ್ಯಾನೇಜರ್‌ಗೆ, ತುಂಬುವ ಕೆಲಸ ಉಳಿದವರಿಗೆ. ಉಳಿದವರು ಯಾಕೆ ತುಂಬ್ತಾರೆ? ಮೂವತ್ತೇಳು ಮೂವತ್ತೆಂಟು ವರ್ಷ ಕಳೆದರೂ ಈ ಪ್ರಶ್ನೆ ಹಳೆಯದಾಗಿಲ್ಲ.

ಈ ಸಾಧನಗಳ ಮೂಲ ನೋಡಿದರೆ ತೊಂದರೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ನಾವು ಮ್ಯಾನೇಜ್‌ಮೆಂಟ್ ಸಬ್ಜೆಕ್ಟ್‌ನಲ್ಲಿ ಹತ್ತು ಮಾರ್ಕ್ಸಿಗೆ ಓದುವ ಪರ್ಟ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ. ಅಲ್ಲಿ ಸಾವಿರಾರು ಗುತ್ತಿಗೆದಾರರು. ಯಾವ ಭಾಗ ಎಲ್ಲಿ ತಡವಾಗ್ತಿದೆ ಅಂತ ಮೇಲೆ ಕೂತವರಿಗೆ ಕಾಣಬೇಕಿತ್ತು. ಇವತ್ತು ಐಟಿ ಕಂಪನಿಗಳಲ್ಲಿ ಉಸಿರಿನಷ್ಟೇ ಸಾಮಾನ್ಯವಾಗಿರುವ ಜಿರಾ ಬಂದದ್ದು 2002ರಲ್ಲಿ, ಸಾಫ್ಟ್‌ವೇರ್ ಟೀಮುಗಳು ಬಗ್‌ಗಳ ಲೆಕ್ಕ ಇಡೋದಕ್ಕೆ. ಇಡೀ ದಿನ ಕಂಪ್ಯೂಟರ್ ಮುಂದೆಯೇ ಕೂರುವವರಿಗೆ ಇನ್ನೊಂದು ಟ್ಯಾಬ್ ತೆರೆಯೋದು ದೊಡ್ಡ ಭಾರವಲ್ಲ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಅವನ್ನೇ ಕುಗ್ಗಿಸಿ, ಬಣ್ಣ ಹಚ್ಚಿ ‘ಸಣ್ಣ ಉದ್ದಿಮೆಗೆ’ ಅಂತ ಮಾರುವಾಗ ತೊಂದರೆ ಶುರುವಾಗುತ್ತೆ.

ಪೀಣ್ಯದ ಕಡೆಯ ಒಂದು ಸಾಮಾನ್ಯ ಜಾಬ್‌ವರ್ಕ್ ಶಾಪ್ ಊಹಿಸಿಕೊಳ್ಳಿ. ಹನ್ನೆರಡು ಜನ. ಎರಡು ಸಿಎನ್‌ಸಿ, ನಾಲ್ಕು ಲೇಥು, ಒಂದು ಮಿಲ್ಲಿಂಗ್ ಮಷೀನು. ಡ್ರಾಯಿಂಗ್ ಬರೋದು ವಾಟ್ಸಾಪ್‌ನಲ್ಲಿ. ಮಾಲು ಬರೋದು ಟೆಂಪೋದಲ್ಲಿ, ಜೊತೆಗೊಂದು ಡಿಸಿ. ಟರ್ನರ್‌ನ ಕೈಯೆಲ್ಲ ಕೂಲೆಂಟು, ಎಣ್ಣೆ. ಈಗ ಆತನಿಗೆ ‘ಅಣ್ಣಾ, ಒಂದೊಂದು ಪೀಸ್ ಮುಗಿದಾಗಲೂ ಫೋನ್ ತೆಗೆದು, ಲಾಗಿನ್ ಆಗಿ, ಸ್ಟೇಟಸ್ ಬದಲಾಯಿಸಿ’ ಅಂತ ಹೇಳಿ ನೋಡಿ. ಆತ ಬೈಯದೆ ನಕ್ಕರೆ ಅದೇ ಪುಣ್ಯ. ಆ ಸ್ಟೇಟಸ್‌ನಿಂದ ಆತನಿಗೆ ಸಿಗೋದೇನು? ಹೆಚ್ಚೆಂದರೆ ‘ಯಾಕೆ ಲೇಟು’ ಅನ್ನೋ ಪ್ರಶ್ನೆ.

ಇದರ ಮೇಲೆ ಬೆಲೆಯ ಲೆಕ್ಕ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ತಲೆಗೆ ಇಷ್ಟು, ತಿಂಗಳಿಗೆ ಇಷ್ಟು ಅಂತ ಮಾರಾಟವಾಗುತ್ತವೆ. ಲೆಕ್ಕಕ್ಕೆ ತಲೆಗೆ 500 ರೂಪಾಯಿ ಅಂತಿಟ್ಟುಕೊಳ್ಳೋಣ. ಹನ್ನೆರಡು ಜನಕ್ಕೆ ವರ್ಷಕ್ಕೆ 72,000. ಮಾಲೀಕರು ಏನ್ಮಾಡ್ತಾರೆ? ಮೂರು ಲಾಗಿನ್ ಮಾತ್ರ ತಗೋತಾರೆ: ತಮಗೊಂದು, ಸೂಪರ್‌ವೈಸರ್‌ಗೊಂದು, ಆಫೀಸಿನಲ್ಲಿ ಬಿಲ್ ಮಾಡುವವರಿಗೊಂದು. ಆಮೇಲೆ ಸೂಪರ್‌ವೈಸರ್ ಸಂಜೆ ಆರಕ್ಕೆ ಎಲ್ಲರ ಪರವಾಗಿ ನೆನಪಿನಿಂದ ತುಂಬ್ತಾರೆ. ಎರಡನೇ ವಾರ ಎರಡು ದಿನಕ್ಕೊಮ್ಮೆ. ಮೂರನೇ ವಾರ ಶನಿವಾರ ಮಾತ್ರ. ಪರದೆಯ ಮೇಲೆ ಕಾಣೋದಕ್ಕೂ ಶಾಪಿನಲ್ಲಿ ಇರೋದಕ್ಕೂ ಸಂಬಂಧ ತಪ್ಪಿದ ಮೇಲೆ ಮಾಲೀಕರೂ ಅದನ್ನು ತೆರೆಯೋದು ಬಿಡ್ತಾರೆ. ನೋಡೋರು ಇಲ್ಲ ಅಂದಮೇಲೆ ತುಂಬೋರು ಯಾಕೆ ತುಂಬ್ತಾರೆ? ‘ನಮ್ಮ ಜನಕ್ಕೆ ಡಿಸಿಪ್ಲಿನ್ ಇಲ್ಲ’ ಅಂತ ಕೊನೆಗೆ ತೀರ್ಪು ಬರುತ್ತೆ. ಡಿಸಿಪ್ಲಿನ್ ಇರೋದಕ್ಕೇ ಆ ಶಾಪು ಮೈಕ್ರಾನ್ ಲೆಕ್ಕದಲ್ಲಿ ಪೀಸ್ ಮಾಡಿ ಕೊಡ್ತಿದೆ ಅನ್ನೋದು ಯಾರಿಗೂ ನೆನಪಾಗಲ್ಲ.

ಈ ಆ್ಯಪ್‌ಗಳ ಆ ಮೂರು ಕಾಲಂನ ಬೋರ್ಡಿಗೆ ‘ಕಾನ್‌ಬಾನ್’ ಅಂತ ಹೆಸರು. ಹೆಸರು ಬಂದದ್ದು ಟೊಯೋಟಾ ಕಾರ್ಖಾನೆಯಿಂದ, ತೈಇಚಿ ಓನೊ ರೂಪಿಸಿದ ಪದ್ಧತಿಯಿಂದ. ಅಲ್ಲಿ ಕಾನ್‌ಬಾನ್ ಅಂದರೆ ಬಿಡಿಭಾಗಗಳ ಡಬ್ಬದ ಜೊತೆಗೇ ಓಡಾಡುವ ಒಂದು ಕಾರ್ಡು. ಡಬ್ಬದ ಭಾಗಗಳನ್ನು ಬಳಸೋಕೆ ಶುರು ಮಾಡಿದಾಗ ಆ ಕಾರ್ಡು ತೆಗೆದು ಹಿಂದಿನ ವಿಭಾಗಕ್ಕೆ ಕಳಿಸ್ತಾರೆ. ‘ಇಷ್ಟು ಮತ್ತೆ ಮಾಡಿ’ ಅನ್ನೋ ಆರ್ಡರೇ ಅದು. ಅಂದರೆ ಮಾಹಿತಿ ತುಂಬೋದು ಅನ್ನೋ ಬೇರೆ ಕೆಲಸವೇ ಇಲ್ಲ. ಕೆಲಸ ಸಾಗಿದರೆ ಮಾಹಿತಿಯೂ ಸಾಗಿತು. ಕಾರ್ಡಿನಿಂದ ಮೊದಲ ಲಾಭ ಅದನ್ನು ಕೈಯಲ್ಲಿ ಹಿಡಿದವನಿಗೇ, ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತೆ. ಆ್ಯಪಿನ ಕಾನ್‌ಬಾನ್‌ನಲ್ಲಿ ಕಾರ್ಡು ಮಾತ್ರ ಉಳಿಯಿತು, ಡಬ್ಬ ಕಳಚಿಹೋಯಿತು. ಈಗ ಕೆಲಸ ಒಂದು ಕಡೆ ಸಾಗುತ್ತೆ, ಕಾರ್ಡನ್ನು ಯಾರಾದರೂ ನೆನಪಿಟ್ಟುಕೊಂಡು ಬೇರೆಯಾಗಿ ತಳ್ಳಬೇಕು. ಮಜಾ ಏನಂದರೆ, ಎಷ್ಟೋ ಶಾಪ್‌ಗಳಲ್ಲಿ ಮಾಲಿನ ಟ್ರೇ ಜೊತೆ ಓಡಾಡುವ ಎಣ್ಣೆ ಮೆತ್ತಿದ ಜಾಬ್ ಕಾರ್ಡು ಅಸಲಿ ಕಾನ್‌ಬಾನ್‌ಗೆ ನಮ್ಮ ಆ್ಯಪಿಗಿಂತ ಹತ್ತಿರವಾಗಿದೆ.

ಹಾಗಾದರೆ ನಮ್ಮ ಸಣ್ಣ ಉದ್ದಿಮೆಗಳಿಗೆ ಸಾಫ್ಟ್‌ವೇರ್ ಒಗ್ಗಲ್ವಾ? ಒಗ್ಗುತ್ತೆ. ಟ್ಯಾಲಿ ನೋಡಿ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿಯದ್ದು. ತಂದೆಯ ವ್ಯಾಪಾರಕ್ಕೆ ಸರಿಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ ಮಗ ಬರೆದದ್ದು ಅದರ ಮೂಲ. ಪೇಮೆಂಟ್‌ಗೆ ಎಫ್5, ರಸೀದಿಗೆ ಎಫ್6, ಸೇಲ್ಸ್‌ಗೆ ಎಫ್8. ಮೌಸ್ ಮುಟ್ಟದೆ ಅಕೌಂಟೆಂಟ್‌ಗಳು ಅದನ್ನು ಓಡಿಸೋ ವೇಗ ನೋಡಿದರೆ ನಮ್ಮ ಕೋಡಿಂಗ್ ಸ್ಪೀಡಿಗೆ ನಾಚಿಕೆಯಾಗಬೇಕು. ವೋಚರ್, ಲೆಡ್ಜರ್ ಅನ್ನೋ ಮಾತುಗಳನ್ನು ಅದು ಹೊಸದಾಗಿ ಕಲಿಸಲಿಲ್ಲ, ಇದ್ದದ್ದನ್ನೇ ಬಳಸಿತು. ಅದಕ್ಕಿಂತ ಮುಖ್ಯ, ವೋಚರ್ ತುಂಬುವವರಿಗೇ ತಿಂಗಳ ಕೊನೆಯಲ್ಲಿ ಟೋಟಲ್ ತಾಳೆಯಾಗುತ್ತೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಮೇಲೆ ರಿಟರ್ನ್‌ಗೆ ಬೇಕಾದ ಅಂಕಿಗಳೂ ಅಲ್ಲಿಂದಲೇ ಸಿಗತೊಡಗಿದವು. ತುಂಬೋರು, ಲಾಭ ಪಡೆಯೋರು ಒಬ್ಬರೇ.

ಒಬ್ಬಂಟಿ ಕನ್ಸಲ್ಟೆಂಟ್‌ಗಳ ವಿಷಯದಲ್ಲೂ ಇದೇ. ಗಂಟೆ ಲೆಕ್ಕದಲ್ಲಿ ದುಡಿಯುವ ಫ್ರೀಲ್ಯಾನ್ಸರ್ ತನ್ನ ಟೈಮ್‌ಶೀಟ್ ನಿಷ್ಠೆಯಿಂದ ತುಂಬ್ತಾನೆ, ಯಾಕೆಂದರೆ ಅದೇ ನಾಳೆ ಬಿಲ್ ಆಗುತ್ತೆ. ಬೇಸ್‌ಕ್ಯಾಂಪ್ 2004ರಲ್ಲಿ ಹೊರಬಂದಾಗ ಅದನ್ನು ಮಾಡಿದ 37ಸಿಗ್ನಲ್ಸ್ ಶಿಕಾಗೋದ ಒಂದು ಪುಟ್ಟ ವೆಬ್ ಡಿಸೈನ್ ಕಂಪನಿ. ತಮ್ಮ ಗ್ರಾಹಕರ ಜೊತೆಗಿನ ಮಾತುಕತೆ, ಫೈಲು, ಗಡುವು ಒಂದೇ ಕಡೆ ಇರಲಿ ಅಂತ ತಮಗಾಗಿ ಮಾಡಿಕೊಂಡದ್ದು, ಆಮೇಲೆ ಬೇರೆಯವರಿಗೂ ಮಾರಿದರು. ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರು ಬಳಸುವ ರೂಬಿ ಆನ್ ರೈಲ್ಸ್ ಹುಟ್ಟಿದ್ದೂ ಅದೇ ಕೆಲಸದ ಒಳಗಿಂದ. ಟ್ಯಾಲಿ, ಬೇಸ್‌ಕ್ಯಾಂಪ್ ಎರಡರಲ್ಲೂ ಕಟ್ಟಿದವರಿಗೆ ತೊಂದರೆ ಸ್ವಂತದ್ದಾಗಿತ್ತು. ನಮ್ಮದು ಸ್ವಂತದ್ದಲ್ಲ, ಹಾಗಾಗಿ ನಾವು ಹೋಗಿ ನೋಡಲೇಬೇಕು.

‘ಇದೆಲ್ಲ ಯಾಕೆ ಗುರು, ವಾಟ್ಸಾಪ್ ಗ್ರೂಪು, ಒಂದು ನೋಟ್‌ಬುಕ್ಕು ಸಾಕಲ್ವಾ’ ಅಂತ ಕೆಲವರು ಕೇಳಬಹುದು. ಸಾಕಾಗಲ್ಲ. ಗ್ರೂಪಿನಲ್ಲಿ ‘ಓಕೆ ಸರ್’ ಅನ್ನೋದು ನೋಡಿದೆ ಅಂತಲೋ, ಮಾಡ್ತೀನಿ ಅಂತಲೋ, ಮುಗೀತು ಅಂತಲೋ ಗೊತ್ತಾಗಲ್ಲ. ಡ್ರಾಯಿಂಗಿನ ಹಳೇ ರಿವಿಷನ್ ಮೇಲೆ, ಹೊಸದು ಕೆಳಗೆ, ನಡುವೆ ನಲವತ್ತು ಗುಡ್ ಮಾರ್ನಿಂಗು. ಹಳೇ ರಿವಿಷನ್ ನೋಡಿ ಪೀಸ್ ಮಾಡಿದರೆ ಮಾಲು ಸ್ಕ್ರ್ಯಾಪ್, ಬೈಗುಳ ಟರ್ನರ್‌ಗೆ. ಸಣ್ಣ ಉದ್ದಿಮೆಯ ಬಹುಪಾಲು ಮಾಹಿತಿ ಇರೋದು ಮಾಲೀಕರ ತಲೆಯಲ್ಲಿ; ಅವರು ಒಂದು ವಾರ ಆಸ್ಪತ್ರೆ ಸೇರಿದರೆ ಶಾಪೂ ಅವರ ಜೊತೆ ಮಲಗುತ್ತೆ. ದಾಖಲೆ ಬೇಕು. ಕೆಲಸಗಾರನನ್ನು ಸುಳ್ಳು ಆರೋಪದಿಂದ ಉಳಿಸೋದಕ್ಕೂ ಬೇಕು. ಎಷ್ಟು ಕಡಿಮೆ ತುಂಬಿಸಿ ಎಷ್ಟು ಹೆಚ್ಚು ವಾಪಸ್ ಕೊಡ್ತೀವಿ ಅನ್ನೋದರಲ್ಲಿ ನಮ್ಮ ಇಂಜಿನಿಯರಿಂಗ್ ಇರಬೇಕು.

ಎರಡು ಉದಾಹರಣೆ ಕೊಡ್ತೀನಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ನಿಯಮವಿದೆ: ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆ ಅಂದರೆ, ಅವು ಬರುವ ವೇಗ ಗುಣಿಸು ಒಂದೊಂದು ಒಳಗೆ ಕಳೆಯುವ ಸರಾಸರಿ ಸಮಯ. ಕೆಲಸ ಒಂದೇ ಹದದಲ್ಲಿ ಸಾಗುವ ಶಾಪಿನಲ್ಲಿ 30 ಜಾಬ್ ಒಳಗಿದ್ದು, ದಿನಕ್ಕೆ 5 ಹೊರಗೆ ಹೋಗ್ತಿದ್ದರೆ, ಒಂದು ಜಾಬ್‌ಗೆ ಸರಾಸರಿ 6 ದಿನ. ಇದಕ್ಕೆ ಯಾರೂ ಲಾಗಿನ್ ಆಗಬೇಕಿಲ್ಲ. ಬೆಳಿಗ್ಗೆ ಜಾಬ್ ಕಾರ್ಡ್‌ಗಳನ್ನು ಎಣಿಸಿದರೆ ಸಾಕು, ‘ಯಾವಾಗ ಕೊಡ್ತೀರಿ’ ಅಂತ ಕೇಳುವ ಗ್ರಾಹಕನಿಗೆ ಮಾಲೀಕರು ‘ನಾಳೆ’ ಅನ್ನೋದರ ಬದಲು ನಂಬಬಹುದಾದ ದಿನ ಹೇಳಬಹುದು.

ಎರಡನೆಯದು ದುಡ್ಡಿನದು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಅಥವಾ ಸೇವೆ ಪಡೆದವರು, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನ ಮೀರುವಂತಿಲ್ಲ; ಮೀರಿದರೆ ಚಕ್ರಬಡ್ಡಿ ಸಮೇತ ಕೊಡಬೇಕು. ದಿನ ಎಣಿಸೋದಕ್ಕೆ ಮಾಲು ತಲುಪಿದ ತಾರೀಖಿನ ಸಾಕ್ಷಿ ಬೇಕು. ಟೆಂಪೋ ಡ್ರೈವರ್ ಸಹಿಯಾದ ಡಿಸಿಯ ಒಂದು ಫೋಟೋ ಕಳಿಸಿದರೆ, ಉಳಿದ ಎಣಿಕೆ, ನೆನಪೋಲೆ ಎಲ್ಲ ಸಾಫ್ಟ್‌ವೇರ್ ಮಾಡಲಿ. ಡ್ರೈವರ್‌ಗೇನು ಲಾಭ? ‘ತಲುಪಿಸಿದ್ಯಾ’ ಅಂತ ದಿನಕ್ಕೆ ಐದು ಸಲ ಬರುವ ಫೋನು ನಿಲ್ಲುತ್ತೆ. ಇಷ್ಟು ಸಣ್ಣ ಲಾಭವಾದರೂ ಇರಬೇಕು.

ಈ ಪ್ರಶ್ನೆ ನಮಗೂ ಸೇರಿದ್ದು. ಇನ್ನೊಂದೆರಡು ವರ್ಷದಲ್ಲಿ ನಮ್ಮಲ್ಲಿ ಬಹಳಷ್ಟು ಜನ ಯಾವುದೋ ಕಂಪನಿಯಲ್ಲಿ ಟಿಕೆಟ್ ತುಂಬುವವರಾಗಿರ್ತೀವಿ. ಟಿಕೆಟ್ ಎಣಿಸಿ ಅಪ್ರೈಸಲ್ ಕೊಡುವ ಕಡೆ ಒಂದು ಕೆಲಸವನ್ನು ಮೂರು ಟಿಕೆಟ್ ಮಾಡೋದು ಯಾರಾದರೂ ಕಲಿತೇ ಕಲಿಯುತ್ತಾರೆ. ಆಗ ಡ್ಯಾಶ್‌ಬೋರ್ಡು ಹಸಿರು, ಪ್ರಾಡಕ್ಟು ಕೆಂಪು. ನಾಳೆ ನಾವೇ ಟೀಮ್ ನಡೆಸುವಾಗ, ತುಂಬಿಸಿಕೊಂಡ ಪ್ರತಿ ಕಾಲಂಗೂ ‘ಇದರಿಂದ ತುಂಬಿದವನಿಗೆ ಏನು ಸಿಕ್ಕಿತು’ ಅಂತ ಉತ್ತರ ಕೊಡೋ ಜವಾಬ್ದಾರಿ ನಮ್ಮದಾಗಿರುತ್ತೆ.

ಸಾಧನ ಆರಿಸುವಾಗ ಇನ್ನೊಂದು ಮಾತು: ತುಂಬಿದ್ದನ್ನು ವಾಪಸ್ ತೆಗೆದುಕೊಂಡು ಹೋಗೋ ದಾರಿ ಇದೆಯಾ ನೋಡಿ. ವುಂಡರ್‌ಲಿಸ್ಟ್ ಅನ್ನೋ ಜನಪ್ರಿಯ ಟು-ಡು ಆ್ಯಪನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ ತಿಂಗಳಲ್ಲಿ ಮುಚ್ಚಿತು. ದೊಡ್ಡ ಕಂಪನಿ ಕೈಹಿಡಿದ ಮಾತ್ರಕ್ಕೆ ಆ್ಯಪಿಗೆ ಆಯುಸ್ಸು ಗಟ್ಟಿ ಅಂತಲ್ಲ. ಎಲ್ಲವನ್ನೂ ಸಿಎಸ್‌ವಿಯಾಗಿ ಇಳಿಸಿಕೊಳ್ಳಲು ಬಿಡದ ಸಾಫ್ಟ್‌ವೇರ್ ಬಿಟ್ಟಿ ಸಿಕ್ಕರೂ ದುಬಾರಿಯೇ.

ಈ ವರ್ಷ ಟಾಸ್ಕ್ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ಹಿಡಿದಿರುವ ಟೀಮುಗಳಿಗೆ ಒಂದು ವಿನಂತಿ. ಪ್ರಾಜೆಕ್ಟ್ ಬದಲಾಯಿಸಬೇಡಿ. ಕೋಡ್ ಬರೆಯೋಕೆ ಮುಂಚೆ ಒಂದು ಗ್ಯಾರೇಜು, ಪ್ರಿಂಟಿಂಗ್ ಪ್ರೆಸ್ಸು, ಕೇಟರಿಂಗ್‌ನವರು, ಲೇಥ್ ಶಾಪು, ಯಾವುದಾದರೂ ಸರಿ, ಎರಡು ದಿನ ಕೂತು ನೋಡಿ. ಕೆಲಸ ನಡೆಯೋದನ್ನಲ್ಲ, ಕಾಯೋದನ್ನು ನೋಡಿ: ಮಾಲಿಗೆ ಕಾಯ್ತಿದೆಯಾ, ಅಪ್ರೂವಲ್‌ಗಾ, ಹೊರಗೆ ಪ್ಲೇಟಿಂಗ್‌ಗೆ ಹೋದದ್ದು ಬರೋದಕ್ಕಾ, ಅಡ್ವಾನ್ಸ್‌ಗಾ. ‘ಮಾಡ್ತಿದೀವಿ’ ಅನ್ನೋ ಕಾಲಂನಲ್ಲಿ ಬಿದ್ದಿರುವ ಕೆಲಸಗಳಲ್ಲಿ ಎಷ್ಟು ನಿಜವಾಗಿ ಯಾರದೋ ಕೈಯಲ್ಲಿವೆ ಅಂತ ಎಣಿಸಿ. ಆಮೇಲೆ ನಿಮ್ಮ ಆ್ಯಪಿಗೆ ‘ಯಾವುದಕ್ಕೆ ಕಾಯ್ತಿದೆ’ ಅನ್ನೋ ನಾಲ್ಕನೇ ಕಾಲಂ ಸೇರಿಸಿ, ಕನ್ನಡದಲ್ಲಿ, ಎಣ್ಣೆಗೈಯಲ್ಲೂ ಒತ್ತಬಹುದಾದಷ್ಟು ದೊಡ್ಡ ಬಟನ್ ಇಟ್ಟು. ಪೈ ಚಾರ್ಟನ್ನು ಬೇಕಾದರೆ ಎಕ್ಸ್‌ಟರ್ನಲ್ ಎಕ್ಸಾಮಿನರ್‌ಗೋಸ್ಕರ ಉಳಿಸಿಕೊಳ್ಳಿ.