ಹಳಿ ಕಿತ್ತ ಮೇಲೆ ನೆಲ ಯಾರದು?

ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಕಂಬರ್‌ಲ್ಯಾಂಡ್ ನಗರಗಳ ನಡುವೆ ಸುಮಾರು 150 ಮೈಲಿ, ಅಂದರೆ 240 ಕಿಲೋಮೀಟರ್ ಉದ್ದದ ಸೈಕಲ್ ದಾರಿಯೊಂದಿದೆ. ಗ್ರೇಟ್ ಅಲೆಗೆನಿ ಪ್ಯಾಸೇಜ್ ಎಂಬ ಈ ದಾರಿಯ ಬಹುಭಾಗ ಒಂದು ಕಾಲಕ್ಕೆ ರೈಲು ಓಡಿದ ಮಾರ್ಗ. ಮೈಯರ್ಸ್‌ಡೇಲ್ ಎಂಬ ಸಣ್ಣ ಊರಿನಿಂದ ಒಹಾಯೋಪೈಲ್‌ವರೆಗಿನ 40 ಮೈಲಿಯನ್ನು ಒಂದು ವಾರಾಂತ್ಯದ ಎರಡು ದಿನಗಳಲ್ಲಿ ನಾನು ಬಾಡಿಗೆ ಸೈಕಲ್ಲಿನಲ್ಲಿ ಕ್ರಮಿಸಿದೆ. ಅರವತ್ತು ದಾಟಿದವನಿಗೂ ಇದು ಸಾಹಸವೇನಲ್ಲ. ರೈಲು ಕಡಿದಾದ ಏರನ್ನು ಹತ್ತಲಾರದಾದ್ದರಿಂದ ಎಂಜಿನಿಯರುಗಳು ಬೆಟ್ಟ ಕೊರೆದು, ಕಣಿವೆಗೆ ಸೇತುವೆ ಕಟ್ಟಿ ನೆಲವನ್ನು ಸಮ ಮಾಡಿದ್ದರು. ಆ ವೆಚ್ಚದ ಫಲ ಈಗ ನನ್ನಂಥವರ ಮಂಡಿಗಳಿಗೂ ದಕ್ಕಿದೆ.

ದಾರಿಯುದ್ದಕ್ಕೂ ನದಿಯ ಆಚೆ ದಡದಲ್ಲಿ ಗೂಡ್ಸ್ ರೈಲುಗಳು ಇಂದಿಗೂ ಓಡುತ್ತವೆ. ಬಾಲ್ಟಿಮೋರ್ ಅಂಡ್ ಒಹಾಯೋ ಕಂಪನಿಯ ಆ ಹಳೆಯ ಮಾರ್ಗಕ್ಕೆ ಪೈಪೋಟಿಯಾಗಿ ವೆಸ್ಟರ್ನ್ ಮೇರಿಲ್ಯಾಂಡ್ ಕಂಪನಿ 1912ರಲ್ಲಿ ಈಚೆ ದಡದ ಮಾರ್ಗವನ್ನು ತೆರೆಯಿತು. ಮುಂದೆ ಎರಡೂ ಒಂದೇ ಆಡಳಿತಕ್ಕೆ ಸೇರಿದಾಗ ಒಂದು ಅನವಶ್ಯಕವಾಯಿತು. 1975ರಲ್ಲಿ ಈಚೆ ದಡದ ರೈಲು ನಿಂತಿತು. ಸೈಕಲ್ ದಾರಿಯ ಮೊದಲ ತುಣುಕು ತೆರೆದದ್ದು 1986ರಲ್ಲಿ. ಇಡೀ ದಾರಿ ಕೂಡಿದ್ದು 2013ರಲ್ಲಿ. ಕಡೆಗೂ ಕೈಗೆಟುಕದೆ ಕಾಡಿದ್ದು ಪಿಟ್ಸ್‌ಬರ್ಗ್ ಬಳಿಯ ಸುಮಾರು ಒಂದು ಮೈಲಿ.

ಆ ಒಂದು ಮೈಲಿಯಲ್ಲೇ ಈ ವಿಷಯದ ಅರ್ಥಶಾಸ್ತ್ರವಿದೆ. ರೈಲು ಮಾರ್ಗವೆಂದರೆ ಕೆಲವೇ ಮೀಟರು ಅಗಲದ, ನೂರಾರು ಮೈಲಿ ಉದ್ದದ ನೆಲ. ಬಿಡಿ ಬಿಡಿಯಾಗಿ ನೋಡಿದರೆ ಪಕ್ಕದ ಹೊಲದವನಿಗೆ ಬಿಟ್ಟು ಬೇರಾರಿಗೂ ಬೇಡದ ಪಟ್ಟಿ. ಅದರ ಬೆಲೆಯೆಲ್ಲ ಅಖಂಡತೆಯಲ್ಲಿದೆ. ಒಮ್ಮೆ ನೂರಾರು ಮಾಲೀಕರಿಗೆ ಹಂಚಿಹೋದರೆ ಮತ್ತೆ ಜೋಡಿಸುವುದು ದುಸ್ಸಾಧ್ಯ. ಕೊನೆಯ ತುಣುಕಿನ ಒಡೆಯ ಕೇಳಿದ್ದೇ ಬೆಲೆ. ಭೂಸ್ವಾಧೀನದ ಕಡತಗಳನ್ನು ವರ್ಷಗಟ್ಟಲೆ ನೋಡಿದ ನನಗೆ ಇದನ್ನು ಯಾವ ಪಠ್ಯಪುಸ್ತಕವೂ ಕಲಿಸಬೇಕಾಗಿಲ್ಲ.

ಅಮೆರಿಕದ ರೈಲು ಜಾಲ 1916ರಲ್ಲಿ ಸುಮಾರು 2,54,000 ಮೈಲಿಯಷ್ಟಿತ್ತು. ಅಲ್ಲಿಂದ ಮುಂದೆ ಅದು ಕುಗ್ಗುತ್ತಲೇ ಹೋಯಿತು. ಕಳಚಿಹೋಗುವ ಈ ನೆಲವನ್ನು ಉಳಿಸಿಕೊಳ್ಳಲು ಅಲ್ಲಿನ ಸಂಸತ್ತು 1983ರಲ್ಲಿ ರಾಷ್ಟ್ರೀಯ ಚಾರಣ ಪಥಗಳ ಕಾಯ್ದೆಗೆ ತಿದ್ದುಪಡಿ ತಂದಿತು. ‘ರೈಲ್‌ಬ್ಯಾಂಕಿಂಗ್’ ಎಂದು ಹೆಸರಾದ ಈ ವ್ಯವಸ್ಥೆಯಲ್ಲಿ ರೈಲು ನಿಂತರೂ ಮಾರ್ಗವನ್ನು ಕೈಬಿಟ್ಟಂತೆ ಕಾನೂನು ಪರಿಗಣಿಸುವುದಿಲ್ಲ. ಮುಂದೆ ರೈಲು ಬೇಕಾದರೆ ಬರಬಹುದು. ಅಲ್ಲಿಯವರೆಗೆ ಸೈಕಲ್ಲು ಓಡಲಿ, ಜನ ನಡೆಯಲಿ. ಹಳಿ ಕಿತ್ತು ಮಾಡಿದ ಇಂಥ ಪಥಗಳು ಆ ದೇಶದಲ್ಲಿ ಇಂದು 25 ಸಾವಿರ ಮೈಲಿಗೂ ಹೆಚ್ಚು. ರೈಲ್‌ಬ್ಯಾಂಕಿಂಗ್‌ನಿಂದ ಉಳಿದದ್ದು ಅವುಗಳಲ್ಲಿ ಒಂದು ಭಾಗ ಮಾತ್ರ.

ಜಾಣ ಕಾನೂನು, ನಿಜ. ಆದರೆ ಅದರ ಭಾರ ಬಿದ್ದದ್ದು ಪಕ್ಕದ ಜಮೀನಿನವರ ಮೇಲೆ. ಎಷ್ಟೋ ಕಡೆ ರೈಲು ಕಂಪನಿಗೆ ಇದ್ದದ್ದು ಒಡೆತನವಲ್ಲ, ರೈಲು ಓಡಿಸುವ ಅನುಭೋಗದ ಹಕ್ಕು ಮಾತ್ರ. ರೈಲು ನಿಂತರೆ ನೆಲ ತಮ್ಮದೆಂದು ರೈತರು ಎಣಿಸಿದ್ದು ತಪ್ಪಲ್ಲ. ವರ್ಮಾಂಟ್ ರಾಜ್ಯದಿಂದ ಹೋದ ದಾವೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮಾಲೀಕರು ಕೇಂದ್ರ ಸರ್ಕಾರದಿಂದ ಪರಿಹಾರ ಕೇಳಬಹುದೆಂದೂ ಹೇಳಿತು. ಆ ದಾವೆಯಲ್ಲಿ ಪರಿಹಾರದ ಹಕ್ಕು ಸ್ಥಿರಪಟ್ಟದ್ದು 1996ರಲ್ಲಿ. ರೈಲ್‌ಬ್ಯಾಂಕಿಂಗ್ ಆಗದೆ ಪೂರ್ತಿ ಕೈಬಿಟ್ಟಿದ್ದ ವಯೋಮಿಂಗ್‌ನ ಮಾರ್ಗವೊಂದರ ಬಗ್ಗೆ 2014ರಲ್ಲಿ ಅದೇ ನ್ಯಾಯಾಲಯ, ಎಂಟು ನ್ಯಾಯಮೂರ್ತಿಗಳ ಬಹುಮತದಿಂದ, ಭೂಮಾಲೀಕನ ಪರ ನಿಂತಿತು. ಎರಡೂ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಸಾರ್ವಜನಿಕರಿಗೆ ದಾರಿ ಬೇಕಿದ್ದರೆ ಸಾರ್ವಜನಿಕರೇ ಹಣ ಕೊಡಬೇಕು, ಅದೂ ಮೊದಲೇ. ದಾವೆ ಹೂಡಿದವನಿಗೆ ಮಾತ್ರ ಪರಿಹಾರವೆಂಬುದು ನ್ಯಾಯದ ಅರ್ಧ ಪಾಲು.

ನಮ್ಮಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1996ರಲ್ಲಿ ಗೇಜ್ ಪರಿವರ್ತನೆಗೆಂದು ಮುಚ್ಚಿದಾಗ ಸಕಲೇಶಪುರದ ಘಟ್ಟದಲ್ಲಿ ಚಾರಣಿಗರು ಹಳಿಯ ಮೇಲೆ ನಡೆದರು. 2006ರಲ್ಲಿ ಗೂಡ್ಸ್, 2007ರಲ್ಲಿ ಪ್ರಯಾಣಿಕ ರೈಲು ಮರಳಿದವು. ಯಾವ ಕಾಯ್ದೆಯೂ ಇಲ್ಲದೆ ನಡೆದ ರೈಲ್‌ಬ್ಯಾಂಕಿಂಗ್ ಅದು; ನೆಲ ತುಂಡಾಗದೆ ರೈಲ್ವೆಯ ಕೈಯಲ್ಲೇ ಉಳಿದಿದ್ದರಿಂದ ಸಾಧ್ಯವಾಯಿತು.

ಅಮೆರಿಕದ ರೈತನ ತಕರಾರು ನಮ್ಮಲ್ಲಿ ಅಷ್ಟಾಗಿ ಏಳದು, ಏಕೆಂದರೆ ರೈಲ್ವೆ ನೆಲ ಸರ್ಕಾರದ್ದು. ನಮ್ಮ ಅಪಾಯ ಬೇರೆ. ಖಾಲಿ ರೈಲ್ವೆ ಭೂಮಿಯನ್ನು ವಾಣಿಜ್ಯ ಬಳಕೆಗೆ ಒದಗಿಸಲು ರೈಲು ಭೂಮಿ ಅಭಿವೃದ್ಧಿ ಪ್ರಾಧಿಕಾರವಿದೆ. ನಿಲ್ದಾಣದ ಪಕ್ಕದ ಚೌಕ ನಿವೇಶನಕ್ಕೆ ಅದು ಬೆಲೆ ಕಟ್ಟಿ ಗುತ್ತಿಗೆಗೆ ಕೊಡುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಮಾರ್ಗ ಬದಲಾದಾಗ ಹಿಂದೆ ಉಳಿಯುವ ಹಳೆಯ ಜಾಡನ್ನು ಸರ್ವೆ ನಂಬರುಗಳಾಗಿ ಒಡೆಯದೆ, ಈ ಊರಿನಿಂದ ಆ ಊರಿಗೆ ಎಂದು ಒಂದೇ ಆಸ್ತಿಯಾಗಿ ದಾಖಲಿಸಬೇಕು. ಒಂದು ತುಣುಕನ್ನು ಗುತ್ತಿಗೆಗೆ ಕೊಡುವ ಮುನ್ನ ಉಳಿದ ತುಣುಕುಗಳ ಗತಿಯೇನೆಂದು ಕಡತದಲ್ಲೇ ಬರೆಯಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು.